‘ಇಲ್ಲ’ ಎನ್ನಬಲ್ಲ ಡೇಟಾಬೇಸ್

(ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಸಹಕಾರ ಸಂಘಗಳ ಕಂಪ್ಯೂಟರ್ ವಿಭಾಗದ ನೌಕರರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ವಿವರಿಸಿದೆ.)

ಎಲ್ಲರಿಗೂ ನಮಸ್ಕಾರ.

ಡೇಟಾಬೇಸ್ ಎಂದೊಡನೆ ನಮ್ಮ ಹುಡುಗರು ಮೊದಲು ಕೇಳುವುದು ವೇಗದ ಪ್ರಶ್ನೆ. ಎಷ್ಟು ಲಕ್ಷ ಸಾಲು ತಡೆಯುತ್ತದೆ, ಎಷ್ಟು ಸೆಕೆಂಡಿನಲ್ಲಿ ಉತ್ತರ ಕೊಡುತ್ತದೆ, ಯಾವುದು ಒಳ್ಳೆಯದು. ಆ ಮಾತು ಆಮೇಲೆ ಬರಲಿ. ನಾನು ಹೇಳಬೇಕೆಂದಿರುವುದು ಇನ್ನೊಂದು ಗುಣದ ಬಗ್ಗೆ: ತಪ್ಪು ಲೆಕ್ಕ ಬಂದಾಗ ‘ಇಲ್ಲ, ಇದನ್ನು ಬರೆದುಕೊಳ್ಳುವುದಿಲ್ಲ’ ಎನ್ನುವ ಗುಣ. ಹಳೆಯ ಅಡಿಕೆ ಮಂಡಿಯ ಗುಮಾಸ್ತರನ್ನು ಕಂಡವರಿಗೆ ಇದು ಗೊತ್ತು. ತೂಕದ ಚೀಟಿ ಇಲ್ಲದಿದ್ದರೆ ಸ್ವತಃ ಸಾಹುಕಾರರು ಬಂದು ಹೇಳಿದರೂ ಅವರು ಖಾತೆಗೆ ಏರಿಸುತ್ತಿರಲಿಲ್ಲ. ಕಂಪ್ಯೂಟರ್ ಬಂದ ಮೇಲೆ ಅವರ ಲೆಕ್ಕವೆಲ್ಲ ಯಂತ್ರಕ್ಕೆ ಹೋಯಿತು. ಅವರ ಹಠ ಮಾತ್ರ ಬಹಳ ಕಡೆ ಹೋಗಲಿಲ್ಲ. ಆ ಹಠವನ್ನು ಡೇಟಾಬೇಸ್‌ಗೆ ಕಲಿಸುವುದು ಹೇಗೆ, ಕಲಿತಿದೆಯೇ ಎಂದು ಪರೀಕ್ಷಿಸುವುದು ಹೇಗೆ ಎನ್ನುವುದೇ ಇವತ್ತಿನ ವಿಷಯ.

ನಿಯಮ ಎಲ್ಲಿರಬೇಕು

1970ರಲ್ಲಿ ಐಬಿಎಂ ಕಂಪನಿಯ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದ ಎಡ್ಗರ್ ಕಾಡ್ ಒಂದು ಪ್ರಬಂಧ ಪ್ರಕಟಿಸಿದರು. ಮಾಹಿತಿಯನ್ನು ಟೇಬಲ್‌ಗಳಾಗಿ ನೋಡಿ, ಅದು ಡಿಸ್ಕಿನ ಯಾವ ಮೂಲೆಯಲ್ಲಿ ಕೂತಿದೆ ಎಂಬ ಚಿಂತೆ ಪ್ರೋಗ್ರಾಂ ಬರೆಯುವವರಿಗೆ ಬೇಡ ಎಂಬುದು ಅದರ ತಿರುಳು. ನಾಲ್ಕು ವರ್ಷದ ನಂತರ ಅದೇ ಕಂಪನಿಯ ಚೇಂಬರ್ಲಿನ್ ಮತ್ತು ಬಾಯ್ಸ್ ಆ ಟೇಬಲ್‌ಗಳನ್ನು ಪ್ರಶ್ನಿಸುವ ಭಾಷೆಯೊಂದನ್ನು ರೂಪಿಸಿದರು. ನೀವು ಇಂದು ಬರೆಯುವ ಎಸ್‌ಕ್ಯುಎಲ್ ಅದರದೇ ಬೆಳೆದ ರೂಪ.

ಇದರಿಂದ ನಮಗಾದ ಲಾಭವೆಂದರೆ ಡೇಟಾ ಪ್ರೋಗ್ರಾಂನ ಹಂಗಿನಿಂದ ಬಿಡಿಸಿಕೊಂಡಿತು. ಒಂದೇ ಸದಸ್ಯರ ಪಟ್ಟಿಗೆ ಕೌಂಟರ್‌ನ ಕಂಪ್ಯೂಟರ್‌ನಿಂದಲೂ ಬರೆಯಬಹುದು, ಮೊಬೈಲ್ ಆ್ಯಪ್‌ನಿಂದಲೂ ಬರೆಯಬಹುದು, ಎಕ್ಸೆಲ್ ಹಾಳೆಯಿಂದ ಒಟ್ಟಿಗೇ ಸುರಿಯಲೂಬಹುದು. ತೊಡಕು ಇರುವುದೂ ಇಲ್ಲೇ. ‘ತೂಕ ಸೊನ್ನೆಗಿಂತ ಹೆಚ್ಚಿರಬೇಕು’ ಎಂಬ ನಿಯಮವನ್ನು ಆ್ಯಪ್‌ನಲ್ಲಿ ಮಾತ್ರ ಬರೆದಿಟ್ಟರೆ ಎಕ್ಸೆಲ್‌ನಿಂದ ಸುರಿಯುವವರನ್ನು ತಡೆಯುವವರು ಯಾರು? ಎಲ್ಲ ದಾರಿಗಳೂ ಬಂದು ಸೇರುವ ಜಾಗದಲ್ಲಿ, ಅಂದರೆ ಟೇಬಲ್‌ನಲ್ಲೇ, ನಿಯಮ ಇರಬೇಕು. ಆ್ಯಪ್‌ನಲ್ಲೂ ಇರಲಿ, ಬೇಡವೆನ್ನುವುದಿಲ್ಲ. ಅಲ್ಲಿ ಅದು ಬಳಸುವವರ ಅನುಕೂಲಕ್ಕೆ.

ಒಂದು ಸಂಘದ ಅಡಿಕೆ ಆವಕದ ಟೇಬಲ್ ಎಂದಿಟ್ಟುಕೊಳ್ಳಿ. ಸದಸ್ಯರ ಸಂಖ್ಯೆ, ತಾರೀಕು, ಅಡಿಕೆಯ ಬಗೆ, ತೂಕ, ಕ್ವಿಂಟಾಲ್ ದರ, ಇಷ್ಟೇ ಕಾಲಮ್. ಬಗೆಯ ಕಾಲಮ್‌ನಲ್ಲಿ ಒಬ್ಬರು ‘ರಾಶಿ’ ಎಂದು ಬರೆಯುತ್ತಾರೆ, ಇನ್ನೊಬ್ಬರು ‘ರಾಶಿ ಇಡಿ’ ಎನ್ನುತ್ತಾರೆ, ಮತ್ತೊಬ್ಬರು ‘ರಾಶಿ’ಯ ಬಾಲಕ್ಕೆ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ ಅಂಟಿಸುತ್ತಾರೆ. ವರ್ಷದ ಕೊನೆಗೆ ಬಗೆವಾರು ಮೊತ್ತ ತೆಗೆದರೆ ಮೂರು ರಾಶಿಗಳು! ಆದ್ದರಿಂದ ಬಗೆಗಳಿಗೆ ಬೇರೆ ಟೇಬಲ್ ಮಾಡಿ, ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಒಂದೊಂದು ಸಾಲು ಬರೆದು, ಆವಕದ ಟೇಬಲ್‌ನಿಂದ ಫಾರಿನ್ ಕೀ, ಅಂದರೆ ಬಗೆಗಳ ಟೇಬಲ್‌ನಲ್ಲಿ ಇರುವುದನ್ನಷ್ಟೇ ಒಪ್ಪುವ ಕೊಂಡಿ, ಕೊಡಬೇಕು. ನಾಳೆ ಸಾಗರದಲ್ಲಿ ಶಾಖೆ ತೆರೆದರೆ ಚಾಲಿ, ಕೋಕ, ಬಿಳಿಗೋಟು, ಕೆಂಪುಗೋಟು ಬರುತ್ತವೆ. ಆಗ ನಾಲ್ಕು ಸಾಲು ಸೇರಿಸಿದರೆ ಆಯಿತು, ಪ್ರೋಗ್ರಾಂ ಮುಟ್ಟಬೇಕಿಲ್ಲ.

ಊರಿನ ಹೆಸರನ್ನೇ ಪ್ರೈಮರಿ ಕೀ, ಅಂದರೆ ಪ್ರತಿ ಸಾಲನ್ನು ಗುರುತಿಸುವ ಕಾಲಮ್, ಮಾಡುವ ಆಸೆ ಕೆಲವರಿಗೆ. ಊರಿನ ಹೆಸರು ಬದಲಾಗುವುದುಂಟೇ ಎಂದು ಕೇಳುತ್ತಾರೆ. ನಾವು ಕೂತಿರುವ ಊರೇ 2014ರ ನವೆಂಬರ್ 1ರಂದು ಸರ್ಕಾರಿ ಕಾಗದದಲ್ಲಿ ಶಿಮೊಗ್ಗದಿಂದ ಶಿವಮೊಗ್ಗವಾಯಿತು. ಅಂದು ಒಟ್ಟು 12 ಊರುಗಳ ಹೆಸರು ಬದಲಾದವು. ಹೆಸರನ್ನೇ ಕೀ ಮಾಡಿಕೊಂಡಿದ್ದವರು ಅದನ್ನು ಎತ್ತಿ ಹೇಳುವ ಪ್ರತಿಯೊಂದು ಟೇಬಲ್‌ನಲ್ಲೂ ತಿದ್ದಬೇಕಾಗುತ್ತದೆ. ಅರ್ಥವಿಲ್ಲದ ಒಂದು ಸಂಖ್ಯೆಯನ್ನು ಕೀ ಮಾಡಿ, ಹೆಸರಿಗೆ ‘ಒಂದೇ ಹೆಸರು ಎರಡು ಸಲ ಬರಬಾರದು’ ಎಂಬ ಯೂನಿಕ್ ನಿಯಮ ಹಾಕಿ.

ಹಣದ ಕಾಲಮ್ ಬಗ್ಗೆ ಒಂದೇ ಮಾತು. ಸಂಖ್ಯೆಯನ್ನು ಅಂದಾಜಿನಲ್ಲಿ ಇಡುವ ಫ್ಲೋಟ್ ಬಗೆ ಬೇಡ. 0.1 ಎಂಬ ಸಂಖ್ಯೆಯನ್ನು ಅದು ಕರಾರುವಾಕ್ಕಾಗಿ ಇಡಲಾರದು. ಡೆಸಿಮಲ್ ಬಳಸಿ, ಇಲ್ಲವೇ ಪೈಸೆಯ ಲೆಕ್ಕದಲ್ಲಿ ಪೂರ್ಣಾಂಕ ಇಡಿ.

ನಿಜವಾಗಿ ‘ಇಲ್ಲ’ ಎನ್ನುತ್ತದೆಯೇ?

ನಿಯಮ ಬರೆದೆವು, ಮುಗಿಯಿತು ಎಂದುಕೊಳ್ಳುವವರಿಗಾಗಿ ಮೂರು ಸಂಗತಿ. ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ 8.0.16 ಆವೃತ್ತಿ ಬರುವವರೆಗೆ, ಅಂದರೆ 2019ರವರೆಗೆ, ಚೆಕ್ ನಿಯಮ, ಅಂದರೆ ‘ತೂಕ ಸೊನ್ನೆಗಿಂತ ಹೆಚ್ಚಿರಬೇಕು’ ಎಂಬಂಥ ಷರತ್ತು, ಬರೆದರೆ ಅದು ಓದಿಕೊಳ್ಳುತ್ತಿತ್ತು, ದೋಷ ತೋರಿಸುತ್ತಿರಲಿಲ್ಲ, ಪಾಲಿಸುತ್ತಲೂ ಇರಲಿಲ್ಲ. ಅಧಿಕೃತ ಕೈಪಿಡಿಯಲ್ಲೇ ಹಾಗೆ ಬರೆದಿತ್ತು. ಕೈಪಿಡಿ ಓದುವವರು ಯಾರು? ಎಸ್‌ಕ್ಯುಲೈಟ್ ಎಂಬ ಹಗುರ ಡೇಟಾಬೇಸ್‌ನಲ್ಲಿ ಫಾರಿನ್ ಕೀ ಬರೆದರೂ, ಪ್ರತಿ ಸಂಪರ್ಕದಲ್ಲೂ ಅದನ್ನು ಚಾಲೂ ಮಾಡುವ ಆಜ್ಞೆ ಕೊಡದಿದ್ದರೆ ಸಾಮಾನ್ಯವಾಗಿ ಅದು ಮಲಗಿಯೇ ಇರುತ್ತದೆ. ಮೂರನೆಯದು ಎಲ್ಲ ಕಡೆಗೂ ಸಲ್ಲುವ ಮಾತು: ‘ತೂಕ > 0’ ಎಂಬ ಚೆಕ್ ನಿಯಮವನ್ನು ನಲ್, ಅಂದರೆ ಏನೂ ಬರೆಯದೆ ಬಿಟ್ಟ ಜಾಗ, ದಾಟಿಕೊಂಡು ಹೋಗುತ್ತದೆ. ತೂಕವೇ ಗೊತ್ತಿಲ್ಲದಿದ್ದರೆ ಹೋಲಿಕೆಯ ಉತ್ತರ ‘ಸುಳ್ಳು’ ಅಲ್ಲ, ‘ಗೊತ್ತಿಲ್ಲ’. ಚೆಕ್ ನಿಯಮ ತಡೆಯುವುದು ಸುಳ್ಳನ್ನು ಮಾತ್ರ. ಜೊತೆಗೆ ‘ನಾಟ್ ನಲ್’ ಎಂದೂ ಬರೆಯಬೇಕು.

ಹಾಗಾಗಿ ಪರೀಕ್ಷೆ ಎಂದರೆ ಸರಿಯಾದ ಸಾಲು ಒಳಗೆ ಹೋಗುತ್ತದೆಯೇ ಎಂದು ನೋಡುವುದಷ್ಟೇ ಅಲ್ಲ. ಅದನ್ನು ಎಲ್ಲರೂ ಮಾಡುತ್ತಾರೆ, ಯಾಕೆಂದರೆ ಅದು ಹೋಗದಿದ್ದರೆ ಕೆಲಸವೇ ಸಾಗುವುದಿಲ್ಲ. ಪ್ರತಿ ನಿಯಮಕ್ಕೂ ಬೇಕೆಂದೇ ಒಂದು ಕೆಟ್ಟ ಸಾಲು ಬರೆದು, ಡೇಟಾಬೇಸ್ ಅದನ್ನು ತಿರಸ್ಕರಿಸಿದರೆ ಮಾತ್ರ ಪರೀಕ್ಷೆ ಪಾಸು ಎಂದು ಬರೆಯಿರಿ. ಸೊನ್ನೆ ತೂಕ, ಋಣ ತೂಕ, ನಲ್ ತೂಕ, ಇಲ್ಲದ ಸದಸ್ಯ, ಇಲ್ಲದ ಬಗೆ, ನಾಳೆಯ ತಾರೀಕು. ಪ್ರತಿ ಪರೀಕ್ಷೆಯನ್ನೂ ಒಂದು ಟ್ರಾನ್ಸಾಕ್ಷನ್ (ಎಲ್ಲವೂ ಆಗಬೇಕು, ಇಲ್ಲವೇ ಯಾವುದೂ ಆಗಬಾರದು ಎಂಬ ಕೆಲಸಗಳ ಕಂತೆ) ಒಳಗೆ ನಡೆಸಿ ಕೊನೆಗೆ ರೋಲ್‌ಬ್ಯಾಕ್ ಮಾಡಿದರೆ, ಅಂದರೆ ರದ್ದು ಮಾಡಿದರೆ, ಟೇಬಲ್ ಮೊದಲಿದ್ದಂತೆಯೇ ಇರುತ್ತದೆ, ಒಂದು ಪರೀಕ್ಷೆಯ ಕಸ ಇನ್ನೊಂದಕ್ಕೆ ತಾಗುವುದಿಲ್ಲ. ಇನ್ನೊಂದು ಎಚ್ಚರ: ಕಚೇರಿಯಲ್ಲಿ ಓಡುವುದು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಆದರೆ ಪರೀಕ್ಷೆಯನ್ನೂ ಪೋಸ್ಟ್‌ಗ್ರೆಸ್ ಮೇಲೇ ನಡೆಸಿ, ಅದೇ ಆವೃತ್ತಿಯ ಮೇಲೆ. ಹಗುರವಾಗಿದೆ ಎಂದು ಎಸ್‌ಕ್ಯುಲೈಟ್ ಮೇಲೆ ಪರೀಕ್ಷಿಸಿದರೆ ನೀವು ಪರೀಕ್ಷಿಸಿದ್ದು ಬೇರೊಂದು ಡೇಟಾಬೇಸನ್ನು.

ಮಳೆ ಬರಲಿಲ್ಲ, ಮಳೆ ಅಳೆಯಲಿಲ್ಲ

ನಲ್ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಮಲೆನಾಡಿನವರಿಗೆ ಇದನ್ನು ಮಳೆಯ ಲೆಕ್ಕದಲ್ಲೇ ಹೇಳುವುದು ಸುಲಭ.

ಆಗುಂಬೆ ಕಡೆಯ ಒಂದು ಮಳೆಮಾಪಕ ಎಂದುಕೊಳ್ಳಿ. ಜುಲೈ ತಿಂಗಳ ಒಂದು ವಾರ. ಐದು ದಿನದ ಅಳತೆ ಬಂದಿದೆ: 80, 120, 150, 90, 110 ಮಿಲಿಮೀಟರ್. ನಡುವಿನ ಎರಡು ದಿನ ಅಳೆಯುವವರಿಗೆ ಹೋಗಲಾಗಲಿಲ್ಲ, ದಾರಿಗೆ ಮರ ಬಿದ್ದಿತ್ತು. ಆ ಎರಡು ದಿನಕ್ಕೆ ಏನು ಬರೆಯಬೇಕು? ಸೊನ್ನೆ ಬರೆದರೆ ಸರಾಸರಿ 78.6. ನಲ್ ಬರೆದರೆ, ಸರಾಸರಿ ತೆಗೆಯುವಾಗ ಎಸ್‌ಕ್ಯುಎಲ್ ನಲ್ ಇರುವ ಸಾಲನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. 550ನ್ನು ಐದರಿಂದ ಭಾಗಿಸಿ 110 ಎನ್ನುತ್ತದೆ. ಸೊನ್ನೆ ಎಂದರೆ ಮಳೆ ಬರಲಿಲ್ಲ ಎಂದು ಹೇಳಿದಂತೆ, ಜುಲೈ ತಿಂಗಳ ಆಗುಂಬೆಯಲ್ಲಿ ಅದನ್ನು ಯಾರೂ ನಂಬುವುದಿಲ್ಲ. ಹಾಗಾದರೆ ನಲ್ ಸರಿ ಎಂದು ಪುಸ್ತಕ ಓದಿದ ವಿದ್ಯಾರ್ಥಿ ಹೇಳುತ್ತಾನೆ.

ಅಳೆಯುವವರನ್ನು ಕೇಳಿದರೆ ಮೂರನೆಯ ಉತ್ತರ ಬರುತ್ತದೆ. ಆ ಎರಡು ದಿನದ ನೀರು ಮಾಪಕದಲ್ಲೇ ಇತ್ತು. ಮೂರನೆಯ ದಿನ ಬರೆದ 150 ಎಂಬುದು ಮೂರೂ ದಿನದ ಮಳೆ. ಆಗ ವಾರದ ಸರಾಸರಿ ನಿಜವಾಗಿ 78.6. ಅಂದರೆ ತಪ್ಪೆಂದು ತಳ್ಳಿದ ಸೊನ್ನೆಯೇ ಸರಾಸರಿಯ ಮಟ್ಟಿಗೆ ಸರಿಯಾಯಿತು, ಆದರೆ ‘ಮಳೆ ಬಾರದ ದಿನ ಎಷ್ಟು’ ಎಂದು ಕೇಳಿದರೆ ಅದೇ ಸೊನ್ನೆ ಸುಳ್ಳು ಹೇಳುತ್ತದೆ. ಇದಕ್ಕೆ ದಾರಿ ಸೊನ್ನೆಯೂ ಅಲ್ಲ, ನಲ್ ಕೂಡ ಅಲ್ಲ: ‘ಈ ಅಳತೆ ಎಷ್ಟು ದಿನದ್ದು’ ಎಂಬ ಇನ್ನೊಂದು ಕಾಲಮ್. ಇದು ಕಂಪ್ಯೂಟರ್ ಮುಂದೆ ಕೂತವರಿಗೆ ಹೊಳೆಯುವುದಲ್ಲ, ಮಳೆಯಲ್ಲಿ ನೆನೆದು ಅಳತೆ ಬರೆಯುವವರನ್ನು ಕೇಳಿದರೆ ತಿಳಿಯುವುದು.

ತಾರೀಕಿನಲ್ಲೂ ಇಂಥದೇ ಬಲೆಯಿದೆ. ಹವಾಮಾನ ಇಲಾಖೆಯ ಮಳೆದಿನ ಬೆಳಗ್ಗೆ 8.30ರಿಂದ ಮರುದಿನ 8.30ರವರೆಗೆ; ಇಂದಿನ ತಾರೀಕಿನಲ್ಲಿ ಬರೆಯುವ ಮಳೆಯ ಹೆಚ್ಚಿನ ಭಾಗ ನಿನ್ನೆ ಸುರಿದದ್ದು. ಸರ್ವರ್‌ಗಳು ಬಹಳ ಕಡೆ ಗ್ರೀನಿಚ್ ಲೆಕ್ಕದಲ್ಲಿ ಗಡಿಯಾರ ಇಡುತ್ತವೆ, ನಮಗಿಂತ ಐದೂವರೆ ಗಂಟೆ ಹಿಂದೆ. ನಮ್ಮ ನಡುರಾತ್ರಿಯಿಂದ ಬೆಳಗಿನ 5.30ರವರೆಗೆ ಬರೆದ ಸಾಲನ್ನು ಆ ಗಡಿಯಾರದ ತಾರೀಕಿನಿಂದ ವಿಂಗಡಿಸಿದರೆ ಹಿಂದಿನ ದಿನಕ್ಕೆ ಬೀಳುತ್ತದೆ. ಪರೀಕ್ಷೆಯ ಸಾಲುಗಳಲ್ಲಿ ರಾತ್ರಿ 12.05ರದ್ದೊಂದು, ಬೆಳಗಿನ 5.25ರದ್ದೊಂದು, 8.29 ಮತ್ತು 8.31ರದ್ದು ಒಂದೊಂದು ಇರಲೇಬೇಕು. ಮಧ್ಯಾಹ್ನ 12 ಗಂಟೆಯ ಸಾಲುಗಳಷ್ಟೇ ಇದ್ದರೆ ಯಾವ ದೋಷವೂ ಸಿಗದು.

ನಲ್ ಮಾಡುವ ಇನ್ನೊಂದು ಕಿತಾಪತಿ ನೋಡಿ ಮುಂದೆ ಹೋಗೋಣ. ‘ಈ ಸಲ ಅಡಿಕೆ ತಂದೇ ಇಲ್ಲದ ಸದಸ್ಯರ ಪಟ್ಟಿ ಕೊಡಿ’ ಎಂದು ಕಾರ್ಯದರ್ಶಿ ಕೇಳುತ್ತಾರೆ. ಆವಕದ ಟೇಬಲ್‌ನಲ್ಲಿರುವ ಸದಸ್ಯ ಸಂಖ್ಯೆಗಳನ್ನು ತೆಗೆದು, ಅದರಲ್ಲಿ ಇಲ್ಲದವರು ಎಂದು ‘ನಾಟ್ ಇನ್’ ಹಾಕಿ ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆ, ಬರೆಯುತ್ತೀರಿ. ಆವಕದ ಒಂದೇ ಒಂದು ಸಾಲಿನಲ್ಲಿ ಸದಸ್ಯ ಸಂಖ್ಯೆ ನಲ್ ಇದ್ದರೂ ಸಾಕು, ಉತ್ತರ ಖಾಲಿ. ದೋಷ ಸಂದೇಶವಿಲ್ಲ, ಎಚ್ಚರಿಕೆಯಿಲ್ಲ. ಎಲ್ಲರೂ ತಂದಿದ್ದಾರೆ ಎಂದು ಕಾರ್ಯದರ್ಶಿ ಸಂತೋಷಪಡುತ್ತಾರೆ! ಆ ನಲ್ ಯಾರೇ ಆಗಿರಬಹುದಾದ್ದರಿಂದ ಯಾರ ಬಗ್ಗೆಯೂ ‘ತಂದಿಲ್ಲ’ ಎಂದು ಖಚಿತವಾಗಿ ಹೇಳಲಾಗದು ಎಂಬುದು ಎಸ್‌ಕ್ಯುಎಲ್‌ನ ತರ್ಕ. ತರ್ಕ ಸರಿ, ಆದರೆ ನಮ್ಮ ಉಪಯೋಗಕ್ಕಿಲ್ಲ. ‘ಈ ಸದಸ್ಯರ ಸಾಲು ಇಲ್ಲವೇ’ ಎಂದು ಕೇಳುವ ‘ನಾಟ್ ಎಕ್ಸಿಸ್ಟ್ಸ್’ ಬಳಸಿ. ಅದಕ್ಕಿಂತ ಮೊದಲು ಆ ಕಾಲಮ್‌ಗೆ ನಲ್ ಬರದಂತೆ ತಡೆಯಿರಿ.

ಕನ್ನಡ ಅಕ್ಷರಗಳ ಲೆಕ್ಕ

ಬೆಂಗಳೂರಿನ ತರಬೇತಿಗಳಲ್ಲಿ ಇದನ್ನು ಅಷ್ಟಾಗಿ ಹೇಳಿಕೊಡುವುದಿಲ್ಲ, ನಮಗೆ ದಿನಾ ಬೇಕು. ‘ಶಿವಮೊಗ್ಗ’ ಎಂದು ಬರೆದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಎಂಟು ಸಂಕೇತ: ಶ, ಗುಡಿಸು, ವ, ಮ, ಒಕಾರದ ಚಿಹ್ನೆ, ಗ, ವಿರಾಮ, ಮತ್ತೆ ಗ. ಆ ಸಂಕೇತಗಳನ್ನು ಕಂಪ್ಯೂಟರ್‌ನಲ್ಲಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್, ಒಟ್ಟು 24. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್‌ಗಳಲ್ಲಿ ಕಾಲಮ್‌ನ ಉದ್ದ 20 ಎಂದರೆ 20 ಸಂಕೇತ. ಒರಾಕಲ್ ಡೇಟಾಬೇಸ್‌ನಲ್ಲಿ ಬೇರೇನೂ ಹೇಳದೆ 20 ಎಂದರೆ 20 ಬೈಟ್. ಅಲ್ಲಿಗೆ ‘ಶಿವಮೊಗ್ಗ’ವೇ ಹಿಡಿಸುವುದಿಲ್ಲ, ತೀರ್ಥಹಳ್ಳಿಯ ಮಾತು ಬಿಡಿ. ಒರಾಕಲ್ ಆಗ ದೋಷ ತೋರಿಸಿ ನಿಲ್ಲುತ್ತದೆ, ಅದು ಒಳ್ಳೆಯದು. ಮೈಎಸ್‌ಕ್ಯುಎಲ್‌ನ ಹಳೆಯ ಸಡಿಲ ವ್ಯವಸ್ಥೆಯಲ್ಲಿ ಉದ್ದ ಮೀರಿದ ಹೆಸರಿನ ಬಾಲ ಕತ್ತರಿಸಿ, ಎಚ್ಚರಿಕೆಯೊಂದನ್ನು ಯಾರೂ ನೋಡದ ಕಡೆ ಇಟ್ಟು, ಉಳಿದದ್ದನ್ನು ಬರೆದುಕೊಳ್ಳುತ್ತಿತ್ತು. 5.7ರಿಂದ ಕಟ್ಟುನಿಟ್ಟಿನ ವ್ಯವಸ್ಥೆಯೇ ರೂಢಿ. ನಿಮ್ಮಲ್ಲಿ ಹಳೆಯ ಸಂರಚನೆಯನ್ನೇ ಹೊಸ ಸರ್ವರ್‌ಗೆ ಹೊತ್ತು ತಂದಿದ್ದರೆ ಒಮ್ಮೆ ನೋಡಿಕೊಳ್ಳಿ.

ಇನ್ನೂ ಸೂಕ್ಷ್ಮದ್ದು ‘ಗೋಟು’ ಪದದಲ್ಲಿದೆ. ಅದರ ‘ಗೋ’ ಅಕ್ಷರವನ್ನು ಗ ಮತ್ತು ಓಕಾರದ ಒಂದೇ ಚಿಹ್ನೆಯಾಗಿ ಇಡಬಹುದು. ಅಥವಾ ಗ, ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘದ ಚಿಹ್ನೆ ಎಂದು ಬಿಡಿಬಿಡಿಯಾಗಿಯೂ ಇಡಬಹುದು. ಪರದೆಯ ಮೇಲೆ, ಮುದ್ರಣದಲ್ಲಿ ಎರಡೂ ಒಂದೇ. ಯೂನಿಕೋಡ್ ಕೂಡ ಎರಡನ್ನೂ ಸಮಾನವೆಂದೇ ಹೇಳುತ್ತದೆ. ಪೋಸ್ಟ್‌ಗ್ರೆಸ್ ಮಾತ್ರ ಸಾಮಾನ್ಯವಾಗಿ ಬೈಟ್ ನೋಡಿ ಹೋಲಿಸುವುದರಿಂದ ಬೇರೆ ಬೇರೆ ಎನ್ನುತ್ತದೆ. ಬೇರೆ ಬೇರೆ ತಂತ್ರಾಂಶಗಳಿಂದ ಬಂದ ಡೇಟಾ ಒಂದೆಡೆ ಸೇರಿದಾಗ ಯೂನಿಕ್ ನಿಯಮವಿದ್ದೂ ಎರಡು ಕೆಂಪುಗೋಟು ಒಳಗೆ ಬಂದು ಕೂರುತ್ತವೆ. ಹುಡುಕಿದರೆ ಅರ್ಧ ಸಾಲು ಮಾತ್ರ ಸಿಗುತ್ತದೆ. ಕಣ್ಣಿಟ್ಟು ನೋಡಿ ಹಿಡಿಯುವ ದೋಷ ಇದಲ್ಲ, ಉದ್ದವನ್ನು ಎಣಿಸಿ ನೋಡಿದರೆ ಮಾತ್ರ ತಿಳಿಯುತ್ತದೆ. ಪರಿಹಾರ: ಪಠ್ಯವನ್ನು ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ತಂದೇ ಒಳಗೆ ಬಿಡುವುದು. ಪೋಸ್ಟ್‌ಗ್ರೆಸ್ 13ರಿಂದ ಇದಕ್ಕೆ ನಾರ್ಮಲೈಜ್ ಎಂಬ ಫಂಕ್ಷನ್ ಇದೆ. ಪಠ್ಯ ಆ ರೂಪದಲ್ಲಿದೆಯೇ ಎಂದು ಚೆಕ್ ನಿಯಮದಲ್ಲೇ ಕೇಳಲೂಬಹುದು.

ಎರಡು ಕೌಂಟರ್, ಒಂದು ಖಾತೆ

ಸದಸ್ಯರೊಬ್ಬರ ಖಾತೆಯಲ್ಲಿ 50,000 ರೂಪಾಯಿ ಇದೆ. ಅವರು ತೀರ್ಥಹಳ್ಳಿ ಶಾಖೆಯಲ್ಲಿ 40,000 ತೆಗೆಯುವ ಹೊತ್ತಿಗೇ ಅವರ ಮಗ ಶಿವಮೊಗ್ಗದಲ್ಲಿ ಅದೇ ಖಾತೆಯಿಂದ 30,000 ತೆಗೆಯುತ್ತಾರೆ. ಎರಡೂ ಕಡೆಯ ಪ್ರೋಗ್ರಾಂ ಮೊದಲು ಬಾಕಿ ಓದುತ್ತದೆ: 50,000. ಎರಡಕ್ಕೂ ಸಾಕಷ್ಟು ಹಣ ಕಾಣುತ್ತದೆ. ಒಂದು ‘ಬಾಕಿ 10,000’ ಎಂದು ಬರೆಯುತ್ತದೆ, ಇನ್ನೊಂದು ‘ಬಾಕಿ 20,000’ ಎಂದು ಬರೆಯುತ್ತದೆ. ಕೊಟ್ಟದ್ದು 70,000. ಬಾಕಿ ಸೊನ್ನೆಗಿಂತ ಕಡಿಮೆಯಾಗಬಾರದು ಎಂಬ ಚೆಕ್ ನಿಯಮ ಇದ್ದರೂ ಇಲ್ಲಿ ಬಾಯಿ ಬಿಡುವುದಿಲ್ಲ, ಯಾಕೆಂದರೆ ಎರಡೂ ಸಂಖ್ಯೆ ಸೊನ್ನೆಗಿಂತ ಹೆಚ್ಚೇ. ಟ್ರಾನ್ಸಾಕ್ಷನ್ ಒಳಗೆ ಹಾಕಿದ್ದೇವಲ್ಲ ಎನ್ನುತ್ತೀರಿ. ಪೋಸ್ಟ್‌ಗ್ರೆಸ್‌ನ ರೂಢಿಯ ಮಟ್ಟವಾದ, ಪಕ್ಕಾ ಆದದ್ದನ್ನಷ್ಟೇ ಓದುವ ‘ರೀಡ್ ಕಮಿಟೆಡ್’ನಲ್ಲಿ ಟ್ರಾನ್ಸಾಕ್ಷನ್ ಇದನ್ನು ತಡೆಯುವುದಿಲ್ಲ.

ಓದಿ, ಲೆಕ್ಕ ಹಾಕಿ, ಬರೆಯುವ ಮೂರು ಹೆಜ್ಜೆಯನ್ನು ಒಂದೇ ಮಾಡಿ: ‘ಬಾಕಿಯಿಂದ 40,000 ಕಳೆ, ಬಾಕಿ 40,000ಕ್ಕೆ ಕಡಿಮೆಯಿಲ್ಲದಿದ್ದರೆ ಮಾತ್ರ’ ಎಂಬ ಒಂದೇ ಅಪ್‌ಡೇಟ್. ಬದಲಾದ ಸಾಲು ಒಂದು ಎಂದರೆ ಹಣ ಕೊಡಿ, ಸೊನ್ನೆ ಎಂದರೆ ಕೊಡಬೇಡಿ. ಹೀಗೆ ಬರೆದರೆ ಚೆಕ್ ನಿಯಮವೂ ಬೆಂಬಲಕ್ಕೆ ನಿಲ್ಲುತ್ತದೆ. ನಡುವೆ ಬೇರೆ ಲೆಕ್ಕವಿದ್ದು ಮೊದಲು ಓದಲೇಬೇಕಾದರೆ ‘ಫಾರ್ ಅಪ್‌ಡೇಟ್’ ಎಂದು ಸೇರಿಸಿ, ಓದುವಾಗಲೇ ಸಾಲಿಗೆ ಬೀಗ ಹಾಕಿ. ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗಾಯಿಸುವಾಗ ಚಿಕ್ಕ ಸಂಖ್ಯೆಯ ಖಾತೆಗೆ ಮೊದಲು ಬೀಗ ಎಂಬ ಪದ್ಧತಿ ಇಟ್ಟುಕೊಂಡರೆ ಒಬ್ಬರಿಗಾಗಿ ಒಬ್ಬರು ಕಾಯುತ್ತ ನಿಲ್ಲುವ ಡೆಡ್‌ಲಾಕ್ ಬಹುಮಟ್ಟಿಗೆ ತಪ್ಪುತ್ತದೆ.

ಪರೀಕ್ಷಿಸಲು ದುಬಾರಿ ತಂತ್ರಾಂಶ ಬೇಡ. ಎರಡು ಕಿಟಕಿ ತೆರೆಯಿರಿ. ಮೊದಲನೆಯದರಲ್ಲಿ ಟ್ರಾನ್ಸಾಕ್ಷನ್ ಶುರು ಮಾಡಿ 40,000 ಕಳೆಯಿರಿ, ಕಮಿಟ್ ಮಾಡಬೇಡಿ, ಅಂದರೆ ಖಾಯಂ ಮಾಡಬೇಡಿ. ಎರಡನೆಯದರಲ್ಲಿ 30,000 ಕಳೆಯಲು ಹೇಳಿ. ಅದು ಕಾಯುತ್ತ ನಿಲ್ಲಬೇಕು. ಈಗ ಮೊದಲನೆಯದನ್ನು ಕಮಿಟ್ ಮಾಡಿ. ಎರಡನೆಯದು ಎಚ್ಚೆತ್ತು ‘ಸೊನ್ನೆ ಸಾಲು ಬದಲಾಯಿತು’ ಎನ್ನಬೇಕು. ಈ ಪರೀಕ್ಷೆಯನ್ನು ಒಬ್ಬೊಬ್ಬರೂ ಕೈಯಾರೆ ಒಮ್ಮೆ ಮಾಡಿ ನೋಡಿ. ಐಸೊಲೇಷನ್, ಅಂದರೆ ಒಂದು ಟ್ರಾನ್ಸಾಕ್ಷನ್ ಇನ್ನೊಂದಕ್ಕೆ ಅಡ್ಡ ಬರದಂತೆ ಇಡುವುದರ ಬಗ್ಗೆ ನಾನು ಎಷ್ಟು ಹೊತ್ತು ಮಾತಾಡಿದರೂ ಅಷ್ಟು ತಿಳಿಯದು.

ವೇಗ, ಚುಟುಕಾಗಿ

ನೂರು ಸಾಲಿನ ಟೇಬಲ್ ಮೇಲೆ ಎಲ್ಲ ಕ್ವೆರಿಯೂ ವೇಗವೇ. ಅಷ್ಟು ಚಿಕ್ಕ ಟೇಬಲ್‌ನಲ್ಲಿ ಇಂಡೆಕ್ಸ್, ಅಂದರೆ ಪುಸ್ತಕದ ಕೊನೆಯ ಪದಸೂಚಿಯಂಥದು, ಇದ್ದರೂ ಡೇಟಾಬೇಸ್ ಅದನ್ನು ಬಿಟ್ಟು ಇಡೀ ಟೇಬಲ್ ಓದುತ್ತದೆ, ಅದೇ ಅಗ್ಗ ಎಂದು. ಪೋಸ್ಟ್‌ಗ್ರೆಸ್‌ನ ‘ಜನರೇಟ್ ಸೀರೀಸ್’ ಬಳಸಿ ಕೆಲವು ಲಕ್ಷ ಕೃತಕ ಸಾಲು ತುಂಬಿ, ಹಂಚಿಕೆಯ ಅಂಕಿಅಂಶ ಕಲೆಹಾಕುವ ‘ಅನಲೈಜ್’ ಓಡಿಸಿ, ಆಮೇಲೆ ‘ಎಕ್ಸ್‌ಪ್ಲೇನ್’ ಕೊಟ್ಟು ಅದು ಯಾವ ದಾರಿ ಹಿಡಿಯುತ್ತದೆ ನೋಡಿ. ಕೃತಕ ಸಾಲುಗಳೂ ನಿಜದ ಹಂಚಿಕೆಯಂತಿರಲಿ: ಸುಗ್ಗಿಯ ತಿಂಗಳುಗಳಲ್ಲಿ ಆವಕ ಹೆಚ್ಚು, ಮಳೆಗಾಲದಲ್ಲಿ ಕಡಿಮೆ. ಎಲ್ಲ ತಿಂಗಳಿಗೂ ಸಮವಾಗಿ ಹಂಚಿದರೆ ಡೇಟಾಬೇಸ್ ಆರಿಸುವ ದಾರಿಯೇ ಬೇರೆಯಾಗಬಹುದು.

ನಾನು ಹೆಚ್ಚಾಗಿ ಕಾಣುವ ತಪ್ಪು ಎರಡು. ಸಮಯದ ಕಾಲಮ್‌ಗೆ ಇಂಡೆಕ್ಸ್ ಹಾಕಿ, ಕ್ವೆರಿಯಲ್ಲಿ ಆ ಕಾಲಮನ್ನು ಫಂಕ್ಷನ್ ಒಳಗೆ ಸುತ್ತಿ ‘ತಾರೀಕು ಇಂಥದು’ ಎಂದು ಕೇಳುವುದು. ಆಗ ಆ ಇಂಡೆಕ್ಸ್ ಉಪಯೋಗಕ್ಕೆ ಬರುವುದಿಲ್ಲ. ‘ಈ ಹೊತ್ತಿನಿಂದ ಆ ಹೊತ್ತಿನೊಳಗೆ’ ಎಂದು ಕೇಳಬೇಕು. ಇನ್ನೊಂದು, ಫಾರಿನ್ ಕೀ ಕಾಲಮ್‌ಗೆ ಪೋಸ್ಟ್‌ಗ್ರೆಸ್ ತಾನಾಗಿ ಇಂಡೆಕ್ಸ್ ಮಾಡುವುದಿಲ್ಲ ಎಂಬುದನ್ನು ಮರೆಯುವುದು. ಮೈಎಸ್‌ಕ್ಯುಎಲ್‌ನಲ್ಲಿ ಡೇಟಾ ಇಡುವ ಭಾಗವಾದ ಇನ್ನೊಡಿಬಿ ಮಾಡುತ್ತದೆ. ಅಲ್ಲಿಂದ ಬಂದವರು ಇಲ್ಲಿ ಎಡವುತ್ತಾರೆ.

ಬ್ಯಾಕಪ್ ಇದೆಯಂತೆ

ಜುಲೈ ತಿಂಗಳಲ್ಲಿ ಘಟ್ಟದ ಅಂಚಿನ ಊರುಗಳಲ್ಲಿ ವಿದ್ಯುತ್ ಹೋದರೆ ಯಾವಾಗ ಬರುವುದೋ. ಶರಾವತಿಯ ನೀರಿನಿಂದ ನಾಡಿಗೆಲ್ಲ ದೀಪ ಉರಿಸುವ ಜಿಲ್ಲೆಯ ಪಾಡು ಇದು. ಒಳ್ಳೆಯ ಡೇಟಾಬೇಸ್ ಬದಲಾವಣೆಯನ್ನು ಮೊದಲು ಲಾಗ್‌ಗೆ ಬರೆದು, ಅದು ಡಿಸ್ಕ್ ತಲುಪಿದ ಮೇಲೆಯೇ ‘ಕಮಿಟ್ ಆಯಿತು’ ಎನ್ನುತ್ತದೆ. ಕರೆಂಟ್ ಹೋಗಿ ಬಂದಾಗ ಆ ಲಾಗ್ ಓದಿ ಎದ್ದು ನಿಲ್ಲುತ್ತದೆ. ವೇಗ ಸಿಗುತ್ತದೆಂದು ಯಾರೋ ಹೇಳಿದ ಮಾತು ಕೇಳಿ ಪೋಸ್ಟ್‌ಗ್ರೆಸ್‌ನ ‘ಎಫ್‌ಸಿಂಕ್’ ಅನ್ನು, ಅಂದರೆ ಬರೆದದ್ದು ಡಿಸ್ಕ್ ತಲುಪಿತೆಂದು ಖಾತ್ರಿ ಮಾಡುವ ವ್ಯವಸ್ಥೆಯನ್ನು, ನಿಲ್ಲಿಸಿಟ್ಟರೆ ಈ ಭರವಸೆಯೇ ಇಲ್ಲ, ಒಂದು ಕರೆಂಟ್ ಕಡಿತಕ್ಕೆ ಇಡೀ ಡೇಟಾಬೇಸ್ ಕೆಡಬಹುದು. ವೇಗ ಬೇಕೇ ಬೇಕಿದ್ದರೆ ಕಮಿಟ್ ಎನ್ನುವ ಮೊದಲು ಡಿಸ್ಕಿಗಾಗಿ ಕಾಯುವ ‘ಸಿಂಕ್ರೊನಸ್ ಕಮಿಟ್’ ವ್ಯವಸ್ಥೆಯನ್ನು ನಿಲ್ಲಿಸಿ. ಕೊನೆಯ ಕೆಲವು ವಹಿವಾಟು ಹೋಗಬಹುದು, ಉಳಿದದ್ದು ಕೆಡದು. ಹಣದ ಲೆಕ್ಕದಲ್ಲಿ ಅದೂ ಬೇಡ.

ಬ್ಯಾಕಪ್ ಬಗ್ಗೆ ಕೇಳಿದರೆ ಎಲ್ಲ ಕಡೆಯೂ ‘ಇದೆಯಂತೆ’ ಎಂಬ ಉತ್ತರ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಹೆಸರಾಂತ ಸಂಸ್ಥೆಯಲ್ಲಿ ಎಂಜಿನಿಯರ್ ಒಬ್ಬರು ಪ್ರತಿಯ ಸರ್ವರ್‌ನಲ್ಲಿ ಅಳಿಸಬೇಕಾದದ್ದನ್ನು ಮೂಲ ಸರ್ವರ್‌ನಲ್ಲಿ ಅಳಿಸಿದರು. ತಪ್ಪು ತಿಳಿದು ನಿಲ್ಲಿಸುವಷ್ಟರಲ್ಲಿ ಸುಮಾರು 300 ಗಿಗಾಬೈಟ್‌ನಲ್ಲಿ ಉಳಿದದ್ದು 4.5 ಮಾತ್ರ. ಬ್ಯಾಕಪ್ ಹುಡುಕಿದರೆ ಇಡುವ ಜಾಗ ಖಾಲಿ. ಡೇಟಾಬೇಸ್ 9.6 ಆವೃತ್ತಿಯದು, ಬ್ಯಾಕಪ್ ತೆಗೆಯುವ ‘ಪಿಜಿ ಡಂಪ್’ 9.2ರದ್ದು, ಆವೃತ್ತಿ ಹೊಂದದೆ ಅದು ಪ್ರತಿ ಸಲವೂ ದೋಷ ತೋರಿಸಿ ನಿಲ್ಲುತ್ತಿತ್ತು. ದೋಷದ ಇಮೇಲ್‌ಗಳೂ ಹೊರಡುತ್ತಿದ್ದವು, ಆದರೆ ಸಹಿ ಸರಿಯಿಲ್ಲವೆಂದು ಮೇಲ್ ಸರ್ವರ್ ಅವನ್ನು ತಿರಸ್ಕರಿಸುತ್ತಿತ್ತು. ಕೊನೆಗೆ ಬೇರಾವುದೋ ಕೆಲಸಕ್ಕೆ ಆರು ಗಂಟೆ ಮೊದಲು ತೆಗೆದಿದ್ದ ಪ್ರತಿಯೊಂದು ಅವರನ್ನು ಉಳಿಸಿತು. ಇದನ್ನೆಲ್ಲ ಆ ಸಂಸ್ಥೆಯೇ ಮುಚ್ಚುಮರೆಯಿಲ್ಲದೆ ಪ್ರಕಟಿಸಿತು, ಅದಕ್ಕೆ ಅವರಿಗೆ ಮೆಚ್ಚುಗೆ ಸಲ್ಲಬೇಕು. ಗಮನಿಸಿ: ತಂತ್ರಾಂಶ ಸರಿಯಾಗಿಯೇ ‘ಇಲ್ಲ’ ಎಂದಿತ್ತು. ಕೇಳಿಸಿಕೊಳ್ಳುವ ಕಿವಿ ಇರಲಿಲ್ಲ. ಆದ್ದರಿಂದ ಬ್ಯಾಕಪ್ ಕೆಟ್ಟಾಗ ಮೇಲ್ ಬರಲಿ ಎಂದು ಇಡುವುದಕ್ಕಿಂತ, ಸರಿಯಾದಾಗ ಪ್ರತಿದಿನ ಸಂದೇಶ ಬರುವಂತೆ ಇಡುವುದು ಮೇಲು. ಬಾರದಿದ್ದ ದಿನ ಎದ್ದು ನೋಡುತ್ತೀರಿ.

ರೆಪ್ಲಿಕೇಷನ್, ಅಂದರೆ ಇನ್ನೊಂದು ಸರ್ವರ್‌ನಲ್ಲಿ ಸದಾ ಪ್ರತಿ ಇಡುವ ವ್ಯವಸ್ಥೆ, ಇದೆ, ಬ್ಯಾಕಪ್ ಯಾಕೆ ಎಂದು ಕೇಳುವವರಿದ್ದಾರೆ. ಷರತ್ತು ಹಾಕದೆ ‘ಡಿಲೀಟ್’ ಕೊಟ್ಟರೆ ಪ್ರತಿಯಲ್ಲೂ ಕ್ಷಣದಲ್ಲಿ ಎಲ್ಲ ಅಳಿಸಿಹೋಗುತ್ತದೆ, ರೆಪ್ಲಿಕೇಷನ್‌ನ ಕೆಲಸವೇ ಅದು.

ಒಂದು ಉಪಾಯ ಹೇಳುತ್ತೇನೆ, ಎರಡು ಕೆಲಸ ಒಟ್ಟಿಗೆ ಆಗುತ್ತದೆ. ಟೇಬಲ್‌ಗೆ ಕಾಲಮ್ ಸೇರಿಸುವಂಥ ಬದಲಾವಣೆ ಮಾಡುವ ಮೊದಲು, ಅದನ್ನು ನಿನ್ನೆ ರಾತ್ರಿಯ ಬ್ಯಾಕಪ್‌ನಿಂದ ಬೇರೆ ಯಂತ್ರದಲ್ಲಿ ಎಬ್ಬಿಸಿದ ಡೇಟಾಬೇಸ್ ಮೇಲೇ ಮೊದಲು ಓಡಿಸಿ. ಬದಲಾವಣೆ ನಿಜವಾದ ಡೇಟಾ ಮೇಲೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದೂ ತಿಳಿಯಿತು, ಬ್ಯಾಕಪ್‌ನಿಂದ ರಿಸ್ಟೋರ್ ಆಗುತ್ತದೆ ಎಂಬುದೂ ಸಾಬೀತಾಯಿತು. ಆ ಯಂತ್ರದಲ್ಲಿ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಫೋನ್ ನಂಬರ್‌ಗಳನ್ನು ಕೂಡಲೇ ಅಳಿಸಿ ಕೃತಕ ಸಂಖ್ಯೆ ತುಂಬಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ. ಕಾಯ್ದೆ ಇಲ್ಲದಿದ್ದರೂ ರೈತರ ಖಾತೆ ಸಂಖ್ಯೆ ತರಬೇತಿಗೆ ಬಂದ ಹುಡುಗನ ಲ್ಯಾಪ್‌ಟಾಪ್‌ನಲ್ಲಿ ಇರಬಾರದು. ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್ ಬದಲಾಯಿಸುವ ಆಜ್ಞೆಗಳನ್ನೂ ಟ್ರಾನ್ಸಾಕ್ಷನ್‌ನೊಳಗೆ ಇಟ್ಟು ಬೇಡವೆಂದರೆ ಹಿಂದಕ್ಕೆ ತರಬಹುದು. ಮೈಎಸ್‌ಕ್ಯುಎಲ್‌ನಲ್ಲಿ ಅವು ಹೇಳದೆಯೇ ಕಮಿಟ್ ಆಗುತ್ತವೆ.

ಮತ್ತೆ, ಆ್ಯಪ್ ಬಳಸುವ ಲಾಗಿನ್‌ಗೆ ಟೇಬಲ್ ಅಳಿಸುವ ಅಧಿಕಾರ ಯಾಕೆ ಬೇಕು? ಬಹಳ ಕಡೆ ಕೊಟ್ಟಿರುತ್ತಾರೆ. ತೆಗೆದುಹಾಕಿ, ಆಮೇಲೆ ಅದೇ ಲಾಗಿನ್‌ನಿಂದ ಪರೀಕ್ಷಾ ಯಂತ್ರದಲ್ಲಿ ಒಂದು ಟೇಬಲ್ ಅಳಿಸಲು ಪ್ರಯತ್ನಿಸಿ. ಅನುಮತಿ ಇಲ್ಲ ಎಂಬ ಉತ್ತರ ಬಂದರೆ ಸರಿ.

ಸಭೆಯಿಂದ ಬಂದ ಪ್ರಶ್ನೆಗಳು

ನಮ್ಮದು ಚಿಕ್ಕ ಸಂಘ, ಎಕ್ಸೆಲ್ ಸಾಲದೇ ಎಂದು ಒಬ್ಬರು ಕೇಳಿದರು. ಒಬ್ಬರೇ ಬರೆದು ಒಬ್ಬರೇ ಓದುವುದಾದರೆ ಸಾಕು. ಎರಡನೆಯವರು ಬರೆಯಲು ಕೂತ ದಿನ ಸಾಲದು.

ಇಂಟರ್‌ನೆಟ್ ಹೋದಾಗ ಶಾಖೆಗಳು ಏನು ಮಾಡಬೇಕು ಎಂಬ ಪ್ರಶ್ನೆ ಹೊಸನಗರ ಕಡೆಯವರದು. ಶಾಖೆಯಲ್ಲೇ ಎಸ್‌ಕ್ಯುಲೈಟ್ ಇಟ್ಟು ಬರೆದುಕೊಂಡು, ಸಂಪರ್ಕ ಬಂದಾಗ ಕಳಿಸಬಹುದು. ಆದರೆ ಎಲ್ಲ ಶಾಖೆಯೂ ರಸೀದಿಗೆ ಒಂದರಿಂದ ಸಂಖ್ಯೆ ಕೊಟ್ಟರೆ ಸೇರಿಸುವಾಗ ಡಿಕ್ಕಿ. ಶಾಖೆಯ ಸಂಖ್ಯೆ ಮತ್ತು ರಸೀದಿ ಸಂಖ್ಯೆ ಎರಡೂ ಸೇರಿ ಕೀ ಆಗಲಿ. ಕಳಿಸುವಾಗ ಸಂಪರ್ಕ ನಡುವೆ ಕಡಿದರೆ ಅದೇ ಸಾಲನ್ನು ಎರಡನೆಯ ಸಲ ಕಳಿಸಬೇಕಾಗುತ್ತದೆ. ಈ ಕೀ ಇದ್ದರೆ ಎರಡನೆಯದನ್ನು ಕೇಂದ್ರದ ಡೇಟಾಬೇಸ್ ಬೇಡವೆನ್ನುತ್ತದೆ. ಪರೀಕ್ಷೆ ಮಾಡುವಾಗ ಬೇಕೆಂದೇ ನಡುವೆ ಕೇಬಲ್ ಕಿತ್ತು ನೋಡಿ.

ಕೊನೆಯ ಪ್ರಶ್ನೆ ಹಿರಿಯ ನೌಕರರೊಬ್ಬರದು: ಹಳೆಯ ಡೇಟಾ ಎಲ್ಲ ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿದೆ, ಏನು ಮಾಡುವುದು? ಅಲ್ಲಿ ಇರುವುದು ಕನ್ನಡವೇ ಅಲ್ಲ, ಕನ್ನಡದಂತೆ ಕಾಣುವ ಇಂಗ್ಲಿಷ್ ಸಂಕೇತಗಳು. ಹಳೆಯ ಕಾಲಮ್ ಪಕ್ಕದಲ್ಲೇ ಹೊಸ ಕಾಲಮ್ ಸೇರಿಸಿ, ಪರಿವರ್ತಿಸಿದ್ದನ್ನು ಅದರಲ್ಲಿ ತುಂಬಿ. ಆಮೇಲೆ ಹೊಸದನ್ನು ಮತ್ತೆ ಹಳೆಯ ರೂಪಕ್ಕೆ ತಿರುಗಿಸಿ ಮೂಲದ ಜೊತೆ ಹೋಲಿಸಿ. ಹೊಂದದ ಸಾಲುಗಳನ್ನು ಬೇರೆ ಪಟ್ಟಿ ಮಾಡಿ. ಅರ್ಕಾವತ್ತು ಇರುವ ಹೆಸರುಗಳನ್ನು ಮೊದಲು ನೋಡಿ, ಯಾಕೆಂದರೆ ಹಳೆಯ ಫಾಂಟ್‌ಗಳಲ್ಲಿ ಅದು ಕಾಣುವ ಕ್ರಮದಲ್ಲಿ ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಉಚ್ಚಾರದಂತೆ ಮೊದಲು ಬರುತ್ತದೆ. ತೀರ್ಥಹಳ್ಳಿ ಸರಿಯಾಗಿ ಬಂದಿದ್ದರೆ ಬಹುಪಾಲು ಸರಿ ಬಂದಿರುತ್ತದೆ. ಹೊಂದದ ಪಟ್ಟಿಯನ್ನು ಸದಸ್ಯರ ಊರು, ಹೆಸರು ಬಲ್ಲ ನಿಮ್ಮಂಥವರೇ ಕೂತು ಓದಬೇಕು. ಹಳೆಯ ಕಾಲಮನ್ನು ಮುಂದಿನ ಆಡಿಟ್ ಮುಗಿಯುವವರೆಗೆ ಅಳಿಸಬೇಡಿ.